ಪಾಲಿಮರೇಸಿಗೆ ಒಂದೇ ದಿಕ್ಕು

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಡಿಎನ್‌ಎ ನಕಲಾಗುವ ಚಿತ್ರಕ್ಕೆ ಐದು ಅಂಕ ಇತ್ತು. ನನಗೆ ಸಿಕ್ಕಿದ್ದು ಎರಡು. ಎರಡೂ ಹೊಸ ಎಳೆಗಳನ್ನು ಒಂದೇ ಉದ್ದ ಗೆರೆಯಾಗಿ ಎಳೆದುಬಿಟ್ಟಿದ್ದೆ. "ಪಾಲಿಮರೇಸಿಗೆ ಎರಡು ದಿಕ್ಕು ಇದೆಯೇ?" ಎಂದು ಜೀವಶಾಸ್ತ್ರದ ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು.

ರಾತ್ರಿ ಇಶಾ ನಮಾಜ್ ಮುಗಿಸಿ, ಉಮ್ಮನ ಹೊಲಿಗೆ ಡಬ್ಬಿಯಿಂದ ಎರಡು ಬಣ್ಣದ ನೂಲು ತೆಗೆದುಕೊಂಡು ಕುಳಿತೆ.

ಡಿಎನ್‌ಎಯ ಒಂದು ಎಳೆಯಲ್ಲಿ ಎ ಇದ್ದರೆ ಎದುರಿಗೆ ಟಿ, ಜಿ ಇದ್ದರೆ ಸಿ. ಜೀವಕೋಶ ವಿಭಜನೆಗೆ ಮೊದಲು ಹೆಲಿಕೇಸ್ ಎಂಬ ಕಿಣ್ವ ಎಳೆಗಳನ್ನು ಬಿಡಿಸುತ್ತದೆ. ಪ್ರತಿ ಹಳೆಯ ಎಳೆಯ ಎದುರು ಹೊಸ ಎಳೆ ಬೆಳೆಯುತ್ತದೆ. ಹುಟ್ಟುವ ಎರಡೂ ಅಣುಗಳಲ್ಲಿ ಅರ್ಧ ಹಳೆಯದು, ಅರ್ಧ ಹೊಸದು. ಇದನ್ನು 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಬ್ಯಾಕ್ಟೀರಿಯಾದಲ್ಲಿ ತೋರಿಸಿಕೊಟ್ಟರು.

ತೊಡಕು ಇರುವುದು ಇಲ್ಲಿ. ಎರಡು ಎಳೆಗಳ ದಿಕ್ಕು ಎದುರುಬದುರು. ಡಿಎನ್‌ಎ ಪಾಲಿಮರೇಸ್ ಹೊಸ ಎಳೆಯ 3' ತುದಿಗೆ ಮಾತ್ರ ಅಕ್ಷರ ಸೇರಿಸಬಲ್ಲದು. ಹಾಗಾಗಿ ಒಂದು ಹೊಸ ಎಳೆ ಹೆಲಿಕೇಸಿನ ಬೆನ್ನಿಗೇ ನಿಲ್ಲದೆ ಬೆಳೆಯುತ್ತದೆ. ಇನ್ನೊಂದು ಅದಕ್ಕೆ ವಿರುದ್ಧವಾಗಿ ಬೆಳೆಯಬೇಕು. ಎಳೆ ಬಿಚ್ಚಿಕೊಂಡಂತೆಲ್ಲ ಹೊಸ ಜಾಗ ಖಾಲಿ ಉಳಿಯುತ್ತದೆ. ಅಲ್ಲಿ ಮತ್ತೆ ಹೊಸ ಪ್ರೈಮರ್, ಮತ್ತೊಂದು ತುಂಡು. ಆಮೇಲೆ ಪ್ರೈಮರ್ ತೆಗೆದು, ಆ ಜಾಗ ತುಂಬಿ, ಲೈಗೇಸ್ ತುಂಡುಗಳನ್ನು ಬೆಸೆಯುತ್ತದೆ.

ಈ ತುಂಡುಗಳನ್ನು 1960ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ರೇಜಿ ಮತ್ತು ತ್ಸುನೇಕೊ ಒಕಜಾಕಿ ದಂಪತಿ. ರೇಜಿ ಹಿರೋಶಿಮಾದವರು. 1945ರಲ್ಲಿ ಅಣುಬಾಂಬ್ ಬಿದ್ದಾಗ ಅವರಿಗೆ 14 ವರ್ಷ, ನಮಗಿಂತ ಚಿಕ್ಕವರು. 1975ರಲ್ಲಿ, 44ನೇ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಕೆಲಸವನ್ನು ತ್ಸುನೇಕೊ ಮುಂದುವರಿಸಿದರು.

ವಿಕಿರಣ ಡಿಎನ್‌ಎಯನ್ನು ಕೆಡಿಸುತ್ತದೆ. ಕೆಟ್ಟದ್ದು ಸರಿಯಾಗದೆ ನಕಲಾದರೆ ತಪ್ಪು ಮುಂದಿನ ಕೋಶಗಳಿಗೂ ಹೋಗುತ್ತದೆ. ನಮ್ಮ ಒಂದು ಕೋಶದಲ್ಲಿ ಸುಮಾರು 600 ಕೋಟಿ ಅಕ್ಷರ ಜೋಡಿಗಳಿವೆ. ಪಾಲಿಮರೇಸ್ ತಾನು ಹಾಕಿದ ತಪ್ಪು ಅಕ್ಷರವನ್ನು ತಾನೇ ಕಿತ್ತು ಸರಿಪಡಿಸುತ್ತದೆ. ತಪ್ಪಿಸಿಕೊಂಡದ್ದನ್ನು ಬೇರೆ ಕಿಣ್ವಗಳು ಹಿಡಿಯುತ್ತವೆ. ಕೊನೆಗೆ ಉಳಿಯುವುದು ಸುಮಾರು 100 ಕೋಟಿಗೆ ಒಂದು ತಪ್ಪು.

ಇಷ್ಟು ದಿನ 'ಒಕಜಾಕಿ ತುಂಡುಗಳು' ಎಂದು ಬಾಯಿಪಾಠ ಮಾಡಿದ್ದೆ. ಅದು ಒಬ್ಬರ ಹೆಸರು ಎಂದು ಯೋಚಿಸಿಯೇ ಇರಲಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ಈ ಚಿತ್ರ ಬಂದರೆ ನೀವೂ ಮೊದಲು ಬಾಣದ ಗುರುತು ಹಾಕಿ, ಎಳೆಗಳನ್ನು ಆಮೇಲೆ ಬರೆಯಿರಿ.