ಹಳೆಯ ಲೇತಿನ ದುರಸ್ತಿ: ಒಂದು ವೃತ್ತಿಜ್ಞಾನ

ಜನಪದ ವೃತ್ತಿಜ್ಞಾನವು ಕುಲುಮೆ, ಮಗ್ಗಗಳಿಗಷ್ಟೇ ಸೀಮಿತವಲ್ಲ. ಕಾರ್ಖಾನೆಯ ಯಂತ್ರದುರಸ್ತಿಯೂ ಅದರ ವ್ಯಾಪ್ತಿಗೆ ಸೇರುತ್ತದೆ. 1953ರಲ್ಲಿ ಎಚ್.ಎಂ.ಟಿ. ಸ್ಥಾಪನೆಗೊಂಡ ಬೆಂಗಳೂರಿನಲ್ಲಿ ಲೇತು ಪರಿಚಿತ ಯಂತ್ರ. ಚಾಲನೆಯ ಗುಂಡಿ ಒತ್ತಿದಾಗ ಕಾಂಟ್ಯಾಕ್ಟರಿನ ಸುರುಳಿ ಕಾಂತವಾಗಿ ಮೋಟಾರಿಗೆ ವಿದ್ಯುತ್ತು ಹರಿಯುತ್ತದೆ. ಬೆರಳು ತೆಗೆದ ಮೇಲೂ ಸಹಾಯಕ ಸಂಪರ್ಕವು ಸುರುಳಿಯನ್ನು ಹಿಡಿದಿಡುತ್ತದೆ. ಬೆರಳು ತೆಗೆದೊಡನೆ ಯಂತ್ರ ನಿಂತರೆ ದೋಷವು ಸಾಮಾನ್ಯವಾಗಿ ಈ ಸಂಪರ್ಕದಲ್ಲಿರುತ್ತದೆ. ಅನುಭವಿಯು ಮುಖ್ಯ ಸ್ವಿಚ್ಚನ್ನು ಆರಿಸಿ, ವಿದ್ಯುತ್ತಿಲ್ಲವೆಂದು ಪರೀಕ್ಷಿಸಿಯೇ ಅದನ್ನು ಶುಚಿಗೊಳಿಸುತ್ತಾನೆ ಅಥವಾ ಬದಲಿಸುತ್ತಾನೆ. ಗುಂಡಿಗೆ ಅಡ್ಡತಂತಿ ಬಿಗಿಯುವುದು ಸುಲಭ; ಆದರೆ ಹೋದ ವಿದ್ಯುತ್ತು ಮರಳಿದೊಡನೆ ಯಂತ್ರವು ತಾನಾಗಿ ತಿರುಗಿ ಕೆಲಸಗಾರನ ಕೈಯನ್ನೇ ಬಲಿ ತೆಗೆದುಕೊಳ್ಳಬಹುದು. ನಕ್ಷೆಯು ತಂತಿಯ ದಾರಿಯನ್ನು ತೋರಿಸುತ್ತದೆ. ಮಾಡಬಾರದುದನ್ನು ಹಿರಿಯನ ಬಾಯಿಮಾತು ಕಲಿಸುತ್ತದೆ. ಈ ಮೌಖಿಕ ಜ್ಞಾನವು ದಾಖಲಾಗಬೇಕಾದುದು ಆದುದರಿಂದಲೇ.