ಅರಮನೆಯ ತೋಟದಿಂದ ಎಲ್ಲರ ಝೂ

ಮೈಸೂರಿಗೆ ನೆಂಟರು ಬಂದರೆ ಮೊದಲು ಅರಮನೆ, ಆಮೇಲೆ ಬೆಟ್ಟ. ಜೊತೆಗೆ ಮಕ್ಕಳಿದ್ದರೆ ಮಾತ್ರ ಎಲ್ಲಕ್ಕಿಂತ ಮೊದಲು ಝೂ! ಹತ್ತನೆಯ ಚಾಮರಾಜ ಒಡೆಯರು 1892ರಲ್ಲಿ ಬೇಸಿಗೆ ಅರಮನೆಯ ಹತ್ತೆಕರೆ ಚಿಲ್ಲರೆ ಜಾಗದಲ್ಲಿ ಕಟ್ಟಿಸಿದ ಈ ಮೃಗಾಲಯಕ್ಕೆ 2017ರಲ್ಲಿ 125 ವರ್ಷ ತುಂಬಿತು. ದೇಶದ ಹಳೆಯ ಮೃಗಾಲಯಗಳ ಸಾಲಿನಲ್ಲಿ ಇದಕ್ಕೆ ಎತ್ತರದ ಸ್ಥಾನವಿದೆ.

ಮಹಾರಾಜರು ಇದನ್ನು ಹೆಚ್ಚು ದಿನ ನೋಡಲಿಲ್ಲ. 1894ರಲ್ಲಿ ಕಲ್ಕತ್ತದಲ್ಲಿ ತೀರಿಕೊಂಡರು. ಆದರೆ ಬೀಜ ಗಟ್ಟಿಯಾಗಿತ್ತು. ಮೊದಲ ಮೇಲ್ವಿಚಾರಕ ಎ.ಸಿ. ಹ್ಯೂಸ್ ಮೂರು ದಶಕ ಇದನ್ನು ನೋಡಿಕೊಂಡರು. ಲಾಲ್‌ಬಾಗಿನ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಇಲ್ಲಿನ ಉದ್ಯಾನದ ವಿನ್ಯಾಸಕ್ಕೆ ಕೈಹಾಕಿದರು. ‘ಪ್ಯಾಲೆಸ್ ಝೂ’ ಆಗಿದ್ದದ್ದು 1909ರಲ್ಲಿ ಸ್ಥಾಪಕರ ಹೆಸರು ಹೊತ್ತಿತು. ಇಂದಿಗೂ ಇಲ್ಲಿನ ಮೊದಲ ಸುಖ ಮರಗಳ ನೆರಳು. ಪಕ್ಕದ ಕಾರಂಜಿ ಕೆರೆ 1976ರಲ್ಲಿ ಸೇರಿದ ಮೇಲೆ ಒಟ್ಟು ಜಾಗ 150 ಎಕರೆ ದಾಟಿತು.

ಈ ಮೃಗಾಲಯದ ಕಥೆ ಹೇಳುವಾಗ ಪೋಲೋನನ್ನು ಬಿಡಲಾಗದು. 1995ರಲ್ಲಿ ಡಬ್ಲಿನ್‌ನಿಂದ ಬಂದ ಈ ಗಂಡು ಗೊರಿಲ್ಲಾ, ಜೊತೆಗಾತಿ ಸತ್ತ ಮೇಲೆ ವರ್ಷಗಟ್ಟಲೆ ಒಂಟಿಯಾಗಿಯೇ ಬದುಕಿ 2014ರಲ್ಲಿ ಸತ್ತಿತು. ದೇಶದಲ್ಲಿ ಆಗಿದ್ದ ಏಕೈಕ ಗೊರಿಲ್ಲಾ ಎಂಬ ಹೆಗ್ಗಳಿಕೆ ಅದರ ಒಂಟಿತನಕ್ಕೆ ಪರಿಹಾರವಾಗಲಿಲ್ಲ. ಗುಂಪಿನಲ್ಲಿ ಬಾಳುವ ಪ್ರಾಣಿಗೆ ಒಳ್ಳೆಯ ಊಟ, ಬಯಲಿನಷ್ಟೇ ಸಂಗಾತವೂ ಬೇಕು. 2021ರಲ್ಲಿ ಜರ್ಮನಿಯಿಂದ ಥಾಬೊ ಮತ್ತು ಡೆಂಬಾ ಎಂಬ ಎರಡು ಗೊರಿಲ್ಲಾಗಳು ಬಂದಾಗ ಹಳೆಯ ಮೈಸೂರಿಗರಿಗೆ ಸಮಾಧಾನವಾದದ್ದು ಅವು ಜೊತೆಯಾಗಿ ಬಂದದ್ದಕ್ಕೆ.

ನೋವಿನ ದಿನಗಳೂ ಇದ್ದವು. 2004ರಲ್ಲಿ ಆನೆಗಳೂ ಸೇರಿ ಕೆಲವು ಪ್ರಾಣಿಗಳು ವಿಷಪ್ರಾಶನದಿಂದ ಸತ್ತಾಗ ಊರಿಗೆ ಊರೇ ಮರುಗಿತು.

1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ ಹುಟ್ಟಿದ ಮೇಲೆ ಆಡಳಿತ ಅದರ ಕೈಗೆ ಬಂತು. ಖರ್ಚಿನ ದೊಡ್ಡ ಪಾಲು ಬರುವುದು ಟಿಕೆಟ್ ಕೊಳ್ಳುವ ನಮ್ಮಿಂದ. ಹೀಗಾಗಿ ಕೊರೊನಾ ಕಾಲದಲ್ಲಿ ಗೇಟು ಮುಚ್ಚಿದಾಗ ಆದಾಯವೂ ನಿಂತಿತು, ಪ್ರಾಣಿಗಳ ಹಸಿವು ನಿಲ್ಲಲಿಲ್ಲ. ಆಗ ಜನರೇ ಮುಂದೆ ಬಂದು ಪ್ರಾಣಿಗಳನ್ನು ದತ್ತು ಪಡೆದರು. ಅರಸರ ಹವ್ಯಾಸವಾಗಿ ಆರಂಭವಾದದ್ದನ್ನು ಜನಸಾಮಾನ್ಯರು ಹೊತ್ತು ನಿಂತ ಆ ತಿಂಗಳುಗಳೇ, ನನ್ನ ಮಟ್ಟಿಗೆ, ಈ ಝೂ ಕಂಡ ನಿಜವಾದ ಉತ್ಸವ.

ದತ್ತು ಯೋಜನೆ ಈಗಲೂ ಇದೆ. ಆನೆಯೇ ಆಗಬೇಕೆಂದಿಲ್ಲ, ಪುಟ್ಟ ಹಕ್ಕಿಯೂ ಸಾಕು. ಮಕ್ಕಳ ಹುಟ್ಟುಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ಉಡುಗೊರೆ ಕಾಣೆ. ಹೋದಾಗ ಹುಲಿ ಏಳಲೆಂದು ಕೂಗಬೇಡಿ, ಕೋತಿಗೆ ಕಡಲೆಕಾಯಿ ಎಸೆಯಬೇಡಿ. ಮಂಗಳವಾರ ವಾರದ ರಜೆ. ಉಳಿದ ದಿನ ಬೆಳಗ್ಗೆಯೇ ಹೋಗಿ, ನಿಧಾನವಾಗಿ ನಡೆದು ನೋಡಿ.