ನಿಠಾರಿಯ ಮಕ್ಕಳನ್ನು ಕೊಂದವರು ಯಾರು?

2006ರ ಡಿಸೆಂಬರ್ 29ರಂದು, ದೆಹಲಿಗೆ ತಾಗಿದ ನೋಯ್ಡಾದ ನಿಠಾರಿಯಲ್ಲಿ, ಬಂಗಲೆಯೊಂದರ ಹಿಂದಿನ ಚರಂಡಿಯಿಂದ ಮಕ್ಕಳ ಮೂಳೆಗಳನ್ನು ಹೊರತೆಗೆಯಲಾಯಿತು. ಮನೆಯ ಮಾಲೀಕನಿಗೂ ಮನೆಗೆಲಸದವನಿಗೂ ವಿಚಾರಣಾ ನ್ಯಾಯಾಲಯ ಗಲ್ಲು ವಿಧಿಸಿತು. 2023ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ತನ್ನ ಮುಂದಿದ್ದ ಪ್ರಕರಣಗಳಲ್ಲಿ ಇಬ್ಬರನ್ನೂ ಖುಲಾಸೆಗೊಳಿಸಿತು. ಕೆಲಸದವನ ಮೇಲೆ ಉಳಿದಿದ್ದ ಕೊನೆಯ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆತನನ್ನು ಖುಲಾಸೆಗೊಳಿಸಿತು.

ತೀರ್ಪನ್ನು ಹಳಿಯುವುದು ಸುಲಭ. ಆದರೆ ನ್ಯಾಯಾಲಯದ ಮುಂದಿದ್ದ ಸಾಕ್ಷ್ಯವಾದರೂ ಎಂತಹುದು? ಸುಮಾರು 60 ದಿನ ಪೊಲೀಸರ ವಶದಲ್ಲಿದ್ದವನಿಂದ ಪಡೆದ ತಪ್ಪೊಪ್ಪಿಗೆ. ಆತನೇ ತೋರಿಸಿದನೆಂದು ಹೇಳಲಾದ, ಆದರೆ ಊರಿಗೆಲ್ಲ ಮೊದಲೇ ತಿಳಿದಿದ್ದ ಜಾಗದಲ್ಲಿ ದೊರೆತ ಮೂಳೆಗಳು. ಇಷ್ಟು ಕೊಲೆಗಳು ನಡೆದವೆನ್ನಲಾದ ಮನೆಯೊಳಗೆ ಅದಕ್ಕೆ ತಕ್ಕ ರಕ್ತದ ಕುರುಹೂ ಇರಲಿಲ್ಲ. ಇದನ್ನು ನೆಚ್ಚಿ ಒಬ್ಬನನ್ನು ನೇಣಿಗೇರಿಸಲಾಗದು.

ಪ್ರಕರಣ ಕೆಟ್ಟದ್ದು ನ್ಯಾಯಾಲಯದಲ್ಲಲ್ಲ, ಅದಕ್ಕೂ ಮುಂಚೆ ಠಾಣೆಯ ಬಾಗಿಲಲ್ಲಿ. ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದಾಗ, ದುಡಿಮೆಗೆಂದು ವಲಸೆ ಬಂದ ತಂದೆತಾಯಿಗಳ ದೂರುಗಳನ್ನು ಕೇಳುವವರಿರಲಿಲ್ಲ. ಇದು ಕೇವಲ ನಿರ್ದಯತೆಯಲ್ಲ. ಇದರಲ್ಲೊಂದು ಲೆಕ್ಕಾಚಾರವೂ ಇದೆ. ದಾಖಲಾದ ಅಪರಾಧಗಳ ಸಂಖ್ಯೆಯಿಂದಲೇ ಠಾಣೆಯ ದಕ್ಷತೆಯನ್ನು ಅಳೆಯುವ ಆಡಳಿತದಲ್ಲಿ ದೂರು ದಾಖಲಿಸದಿರುವುದೇ ಲಾಭ. ಕಾಣೆಯಾದ ಮಗುವಿನ ದೂರನ್ನು ಪ್ರಥಮ ವರ್ತಮಾನ ವರದಿಯಾಗಿ ದಾಖಲಿಸಲೇಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಆದೇಶ ಒಳ್ಳೆಯದೇ; ಅಳತೆಗೋಲು ಬದಲಾಗದೆ ಠಾಣೆಯ ಅಭ್ಯಾಸ ಬದಲಾದೀತೇ?

ಅಂಗಾಂಗ ಮಾರಾಟದ ಜಾಲದ ಶಂಕೆಯನ್ನು ತನಿಖೆ ಸರಿಯಾಗಿ ಶೋಧಿಸಲಿಲ್ಲವೆಂದು ಹೈಕೋರ್ಟೇ ಆಕ್ಷೇಪಿಸಿತ್ತು. ನಮ್ಮ ಕಾನೂನಿನಲ್ಲಿ ಕೊಲೆಯ ವಿಚಾರಣೆಗೆ ಕಾಲಮಿತಿಯಿಲ್ಲ. ಆ ಕಡತವನ್ನು ಮರಳಿ ತೆರೆಯುವ ಹೊಣೆ ಸರ್ಕಾರದ್ದು.